ಕಂಪ್ಯೂಟರ್ ಪ್ರಶ್ನೋತ್ತರ: ಬಿಡುಗಡೆಗೆ ಮೊದಲಿನ ಓಎಸ್ ಹಾಕಿ ನೋಡುವ ಮುನ್ನ

ಮುಂದಿನ ವಿಂಡೋಸ್ ಅಥವಾ ಉಬುಂಟು (ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್, ಅಂದರೆ ಓಎಸ್) ಅಧಿಕೃತವಾಗಿ ಹೊರಬರುವ ಮೊದಲೇ ಅದರ ಪರೀಕ್ಷಾ ಆವೃತ್ತಿಯನ್ನು ಹಾಕಿ ನೋಡುವ ಬಗ್ಗೆ ಈ ಸಲ ಬಹಳ ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ. ವಿಂಡೋಸ್‌ನ ಪರೀಕ್ಷಾ ಆವೃತ್ತಿಗಳನ್ನು ಮೈಕ್ರೋಸಾಫ್ಟ್ ಕೊಡುವುದು ವಿಂಡೋಸ್ ಇನ್‌ಸೈಡರ್ ಎಂಬ ಯೋಜನೆಯ ಮೂಲಕ; ಆವೃತ್ತಿ ಎಷ್ಟು ಹಸಿ ಎಂಬುದಕ್ಕೆ ತಕ್ಕಂತೆ ಅದರಲ್ಲಿ ಬೇರೆ ಬೇರೆ ಚಾನೆಲ್‌ಗಳಿವೆ.

ಪ್ರಶ್ನೆ: ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇದೆ. ವಿಂಡೋಸ್ ಇನ್‌ಸೈಡರ್‌ಗೆ ಸೇರುವುದಾದರೆ ಯಾವ ಚಾನೆಲ್ ಆರಿಸಲಿ? ಹಿಡಿಸದಿದ್ದರೆ ಮರಳಬಹುದೆ? (ವಿದ್ಯಾರ್ಥಿ, ರಾಜಾಜಿನಗರ)

ಉತ್ತರ: ಮರಳುವ ವಿಷಯವನ್ನೇ ಮೊದಲು ನೋಡೋಣ, ಏಕೆಂದರೆ ಚಾನೆಲ್ ಆಯ್ಕೆ ಅದರ ಮೇಲೆ ನಿಂತಿದೆ. ಪೂರ್ಣ ಬಿಲ್ಡ್ (ಇಡೀ ಓಎಸ್‌ನ ಹೊಸ ತಯಾರಿ) ಒಂದನ್ನು ಹಾಕಿದಾಗ ಹಳೆಯ ವಿಂಡೋಸ್, ಸಿ ಡ್ರೈವ್‌ನ ವಿಂಡೋಸ್.ಓಲ್ಡ್ ಫೋಲ್ಡರ್‌ಗೆ ಹೋಗುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಎಂಬಲ್ಲಿರುವ ಗೋ ಬ್ಯಾಕ್ ಗುಂಡಿ ಕೆಲಸ ಮಾಡುವುದು 10 ದಿನ ಮಾತ್ರ. ಆ ಅವಧಿ ಮುಗಿಯುವ ಮೊದಲೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸ್ಮ್ ಎಂಬ ಆದೇಶ ಕೊಟ್ಟು 60 ದಿನದವರೆಗೆ ಹಿಗ್ಗಿಸಬಹುದು. ಎಡವುವುದು ಇಲ್ಲೇ: ನಡುವೆ ಇನ್ನೊಂದು ಪೂರ್ಣ ಬಿಲ್ಡ್ ಇಳಿದರೆ ಆ ಫೋಲ್ಡರ್‌ನಲ್ಲಿ ಉಳಿಯುವುದು ಹಿಂದಿನ ಪರೀಕ್ಷಾ ಬಿಲ್ಡ್, ನಿಮ್ಮ ಮೂಲ ವಿಂಡೋಸ್ ಅಲ್ಲ. ಜಾಗ ಸಾಲದೆಂದು ಡಿಸ್ಕ್ ಕ್ಲೀನಪ್ ಓಡಿಸಿದರೆ ಫೋಲ್ಡರೇ ಹೋಗಬಹುದು.

ಚಾನೆಲ್‌ಗಳ ಹೆಸರನ್ನು ಮೈಕ್ರೋಸಾಫ್ಟ್ ಆಗಾಗ ಬದಲಿಸುತ್ತದೆ. 2020ರವರೆಗೆ ಫಾಸ್ಟ್, ಸ್ಲೋ ಎಂದಿದ್ದವು. ಆಮೇಲೆ ಡೆವ್, ಬೀಟಾ ಆದವು. 2023ರಲ್ಲಿ ಕ್ಯಾನರಿ ಸೇರಿತು. ಹೆಸರು ಏನೇ ಇರಲಿ, ಅತಿ ಹಸಿ ಬಿಲ್ಡ್‌ಗಳ ಚಾನೆಲ್‌ಗೆ ಹೋದ ಮೇಲೆ ಬಿಲ್ಡ್ ಸಂಖ್ಯೆ ಬಿಡುಗಡೆಯಾದ ವಿಂಡೋಸ್‌ಗಿಂತ ಮುಂದಿರುತ್ತದೆ. ಗೋ ಬ್ಯಾಕ್ ಅವಧಿ ಮುಗಿದ ಮೇಲೆ ಅಲ್ಲಿಂದ ಕೆಳಗಿಳಿಯಬೇಕಾದರೆ ಡಿಸ್ಕ್ ಒರೆಸಿ ಹೊಸದಾಗಿ ವಿಂಡೋಸ್ ಹಾಕುವುದೊಂದೇ ದಾರಿ. ಇರುವುದು ಒಂದೇ ಯಂತ್ರ, ಅದರಲ್ಲೇ ಪ್ರಾಜೆಕ್ಟ್ ವರದಿಯೂ ಇದೆ ಎಂದಾದರೆ ರಿಲೀಸ್ ಪ್ರಿವ್ಯೂ ಸಾಕು. ಬೀಟಾ ಪರವಾಗಿಲ್ಲ. ಅದಕ್ಕಿಂತ ಮುಂದಕ್ಕೆ ಹೋಗಬೇಡಿ.

ಸೇರುವ ಮೊದಲು ಮೂರು ಕೆಲಸ ಮಾಡಿ. ಕಡತಗಳನ್ನೆಲ್ಲ ಹೊರಗಿನ ಡಿಸ್ಕ್‌ಗೆ ನಕಲಿಸಿ ಆ ಡಿಸ್ಕನ್ನು ಬಿಚ್ಚಿಡಿ. ಈಗಿನ ಸ್ಥಿರ ವಿಂಡೋಸ್‌ನ ಬೂಟ್ ಪೆನ್‌ಡ್ರೈವ್ ತಯಾರಿಸಿ, 8 ಜಿಬಿಯದು ಸಾಕು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿದೆಯೇ ನೋಡಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. "ನಾನು ಬಿಟ್‌ಲಾಕರ್ ಹಾಕಿಯೇ ಇಲ್ಲ" ಎನ್ನುವವರೂ ನೋಡಲೇಬೇಕು. 24ಎಚ್2 ಆವೃತ್ತಿಯಿಂದೀಚೆಗೆ ಹೊಸದಾಗಿ ವಿಂಡೋಸ್ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಹೆಚ್ಚಿನ ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗುತ್ತದೆ. ಬಯೋಸ್‌ನಲ್ಲಿ (ಯಂತ್ರ ಹಚ್ಚಿದೊಡನೆ ಓಡುವ ಮೂಲ ತಂತ್ರಾಂಶ) ಸೆಕ್ಯೂರ್ ಬೂಟ್ ಆಯ್ಕೆ ಬದಲಿಸಿದರೆ ಮರುಕ್ಷಣ ನೀಲಿ ಪರದೆ ಆ ಕೀ ಕೇಳಬಹುದು.

ಪ್ರಶ್ನೆ: ಯಾವ ರಗಳೆಯೂ ಬೇಡವೆಂದು ಪರೀಕ್ಷಾ ವಿಂಡೋಸನ್ನು, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಹಾಕಿದೆ. ಆಮೆಯಂತೆ ತೆವಳುತ್ತದೆ. ಕೆಳಗೆ ನಿಜವಾಗಿಯೂ ಒಂದು ಹಸಿರು ಆಮೆಯ ಚಿತ್ರವೂ ಕಾಣುತ್ತದೆ! (ಬನಶಂಕರಿ)

ಉತ್ತರ: ಆ ಆಮೆ ಸುಮ್ಮನೆ ಕೂತಿಲ್ಲ. ನಿಮ್ಮ ವಿಂಡೋಸ್‌ನಲ್ಲಿ ಹೈಪರ್-ವಿ ಎಂಬ ಅದರದೇ ವರ್ಚುವಲ್ ಯಂತ್ರದ ಸೌಲಭ್ಯ ಆನ್ ಆಗಿದೆ, ಪ್ರೊಸೆಸರ್‌ನ ವರ್ಚುವಲೈಸೇಷನ್ ಸೌಲಭ್ಯವನ್ನು ಅದು ಮೊದಲೇ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತುಬಳಸಿ ಓಡುತ್ತಿದೆ ಎಂದು ತಿಳಿಸುವ ಗುರುತು ಅದು. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಹೈಪರ್-ವಿ ಮತ್ತು ವರ್ಚುವಲ್ ಮೆಷಿನ್ ಪ್ಲಾಟ್‌ಫಾರ್ಮ್ ಗುರುತುಗಳನ್ನು ತೆಗೆದು ರೀಸ್ಟಾರ್ಟ್ ಮಾಡಿ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಬಳಸುವವರಾದರೆ ಅದು ನಿಲ್ಲುತ್ತದೆ, ಗಮನವಿರಲಿ. ಆಮೆ ಆಗಲೂ ಹೋಗದಿದ್ದರೆ ಮೆಮೊರಿ ಇಂಟೆಗ್ರಿಟಿ ಕಾರಣವಿರಬಹುದು. ಅದು ಭದ್ರತೆಯ ಸೌಲಭ್ಯ. ಪರೀಕ್ಷೆಗೋಸ್ಕರ ಅದನ್ನು ಆಫ್ ಮಾಡುವುದಕ್ಕಿಂತ ಆಮೆಯನ್ನು ಸಹಿಸುವುದು ವಾಸಿ.

ಉಳಿದ ಅಳತೆಗಳು: ಒಟ್ಟು 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಅತಿಥಿ (ವರ್ಚುವಲ್ ಯಂತ್ರದೊಳಗೆ ಓಡುವ) ವಿಂಡೋಸ್‌ಗೆ 4 ಜಿಬಿ, 2 ಕೋರ್, 64 ಜಿಬಿ ಡಿಸ್ಕ್ ಕೊಡಿ. ಡಿಸ್ಕ್ ಡೈನಾಮಿಕ್ ಆಗಿದ್ದರೆ ಬಳಸಿದಷ್ಟೇ ಜಾಗ ಹಿಡಿಯುತ್ತದೆ. ವಿಂಡೋಸ್ 11ಕ್ಕೆ ಬೇಕಾದ ಬೂಟ್ ಮತ್ತು ಭದ್ರತೆಯ ಆಯ್ಕೆಗಳಾದ ಇಎಫ್‌ಐ, ಟಿಪಿಎಂ 2.0, ಸೆಕ್ಯೂರ್ ಬೂಟ್ ಮೂರನ್ನೂ ಆನ್ ಮಾಡಿ, ವರ್ಚುವಲ್‌ಬಾಕ್ಸ್ 7.0ಗಿಂತ ಹಳೆಯದಾದರೆ ಟಿಪಿಎಂ ಆಯ್ಕೆಯೇ ಇರುವುದಿಲ್ಲ. ಪ್ರತಿ ಅಪ್‌ಡೇಟ್‌ಗೆ ಮೊದಲು ಸ್ನ್ಯಾಪ್‌ಶಾಟ್ (ಅತಿಥಿ ಯಂತ್ರದ ಆ ಕ್ಷಣದ ಸ್ಥಿತಿಯ ನಕಲು) ತೆಗೆಯಿರಿ. ಹಳೆಯವನ್ನು ಅಳಿಸದೆ ಪೇರಿಸುತ್ತಾ ಹೋದರೆ ಡಿಸ್ಕ್ ತುಂಬಿ ಅತಿಥಿ ಯಂತ್ರ ನಡುವಿನಲ್ಲೇ ನಿಂತುಬಿಡುತ್ತದೆ.

ಇದರಲ್ಲಿ ಮೆನು, ತಂತ್ರಾಂಶ, ಕನ್ನಡ ಟೈಪಿಂಗ್ ಎಲ್ಲ ನೋಡಬಹುದು. ವೈಫೈ, ಬ್ಯಾಟರಿ, ಸ್ಲೀಪ್, ಬೆರಳಚ್ಚು ನೋಡಲಾಗದು, ಏಕೆಂದರೆ ಅತಿಥಿಗೆ ಕಾಣುವುದು ನಿಮ್ಮ ಯಂತ್ರಾಂಶವಲ್ಲ, ವರ್ಚುವಲ್‌ಬಾಕ್ಸ್ ತೋರಿಸುವ ನಕಲಿ ಯಂತ್ರಾಂಶ.

ಪ್ರಶ್ನೆ: ನಾಲ್ಕನೇ ಪೀಳಿಗೆಯ ಐ3 ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್. ವಿಂಡೋಸ್ 11 ಇದಕ್ಕೆ ಹೊಂದುವುದಿಲ್ಲ, 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಒಳಗಿನ ಡಿಸ್ಕ್ ಮುಟ್ಟದೆ ಉಬುಂಟು ಬೀಟಾವನ್ನು ಹೊರಗಿನ ಎಸ್‌ಎಸ್‌ಡಿಯಲ್ಲಿ ಹಾಕಬಹುದೆ? (ನಿವೃತ್ತ ಶಿಕ್ಷಕರು, ವಿಜಯನಗರ)

ಉತ್ತರ: ಧಾರಾಳವಾಗಿ ಹಾಕಬಹುದು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಮತ್ತು ಯುಎಸ್‌ಬಿ 3.0 ಕೇಸ್ ಬಿಡಿಬಿಡಿಯಾಗಿ ಸಿಗುತ್ತವೆ. 256 ಜಿಬಿ ಬೇಕಾದಷ್ಟಾಯಿತು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಳಭಾಗ ನೀಲಿಯಾಗಿರುವ ಯುಎಸ್‌ಬಿ ಕಿಂಡಿಗೇ ಸಿಕ್ಕಿಸಿ. ಇನ್‌ಸ್ಟಾಲರ್‌ಗೆ ಬೇರೆ ಪೆನ್‌ಡ್ರೈವ್ ಬೇಕು. ತಾಣದಿಂದ ಇಳಿಸಿಕೊಳ್ಳುವ ಐಎಸ್‌ಒ ಕಡತವೇ 6 ಜಿಬಿಯ ಆಸುಪಾಸು ಇರುವುದರಿಂದ 16 ಜಿಬಿಯದು ತೆಗೆದುಕೊಳ್ಳಿ. ಇಳಿಸಿಕೊಂಡ ಕಡತದ ಎಸ್‌ಎಚ್‌ಎ 256 ಮೊತ್ತವನ್ನು (ಕಡತ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಸಂಕೇತ) ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಆದೇಶದಿಂದ ತೆಗೆದು ಉಬುಂಟು ತಾಣದಲ್ಲಿರುವುದರ ಜೊತೆ ತಾಳೆ ನೋಡಿ, ಆಮೇಲೆ ರೂಫಸ್ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಅರ್ಧ ಇಳಿದ ಕಡತದಿಂದ ಬಂದ ದೋಷವನ್ನು ಬೀಟಾದ ತಲೆಗೆ ಕಟ್ಟುವವರು ಬಹಳ ಮಂದಿ.

ನಿಜವಾದ ಅಪಾಯ ಬೂಟ್‌ಲೋಡರ್‌ನದು, ಅಂದರೆ ಓಎಸನ್ನು ಎಬ್ಬಿಸುವ ಪುಟ್ಟ ತಂತ್ರಾಂಶದ್ದು. ಹೊರಗಿನ ಡಿಸ್ಕ್ ಆರಿಸಿದರೂ ಉಬುಂಟು ಇನ್‌ಸ್ಟಾಲರ್ ತನ್ನ ಗ್ರಬ್ ಬೂಟ್‌ಲೋಡರನ್ನು ಒಳಗಿನ ಡಿಸ್ಕ್‌ನ ಇಎಫ್‌ಐ ವಿಭಾಗದಲ್ಲೇ ಬರೆಯುವುದುಂಟು. ಆಗ ಹೊರಗಿನ ಡಿಸ್ಕ್ ಕಿತ್ತು ಯಂತ್ರ ಹಚ್ಚಿದರೆ ವಿಂಡೋಸ್ ಬರುವುದಿಲ್ಲ. ಕಪ್ಪು ಪರದೆಯ ಮೇಲೆ ಗ್ರಬ್ ಎಂಬ ಸಾಲೊಂದು ಮಿನುಗುತ್ತದೆ. ಗಾಬರಿ ಬೇಡ, ವಿಂಡೋಸ್ ಎಲ್ಲಿಗೂ ಹೋಗಿಲ್ಲ. ಬೂಟ್ ಮೆನು ತೆರೆದು ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ. ಲೆನೊವೊ, ಡೆಲ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಆಮೇಲೆ ಬಯೋಸ್‌ನ ಬೂಟ್ ಕ್ರಮದಲ್ಲಿ ಅದನ್ನೇ ಮೇಲಕ್ಕೆ ಏರಿಸಿ. ಈ ಪಾಡೇ ಬೇಡವೆಂದರೆ ಉಬುಂಟು ಹಾಕುವಷ್ಟು ಹೊತ್ತು ಒಳಗಿನ ಡಿಸ್ಕನ್ನು ಬಿಚ್ಚಿಡಿ. ಆ ಕಾಲದ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಹಿಂಬದಿಯ ಮುಚ್ಚಳ ತೆಗೆದರೆ ಕೈಗೆ ಸಿಗುತ್ತದೆ. ಮೊದಲು ಬ್ಯಾಟರಿ ತೆಗೆಯುವುದನ್ನು ಮರೆಯಬೇಡಿ.

ವಿಂಡೋಸ್‌ಗಿಂತ ಇಲ್ಲೊಂದು ಅನುಕೂಲವಿದೆ. ಏಪ್ರಿಲ್ ಅಥವಾ ಅಕ್ಟೋಬರ್‌ನಲ್ಲಿ ಅಂತಿಮ ಆವೃತ್ತಿ ಬಂದಾಗ ಮತ್ತೆ ಮೊದಲಿಂದ ಹಾಕಬೇಕಿಲ್ಲ. ಅಪ್‌ಡೇಟ್ ಮಾಡುತ್ತಾ ಹೋದರೆ ಬೀಟಾವೇ ಅಂತಿಮ ಆವೃತ್ತಿಯಾಗುತ್ತದೆ.

ಪ್ರಶ್ನೆ: ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಇನ್‌ಸೈಡರ್ ಹಾಕಬಹುದೆ? (ವೈಟ್‌ಫೀಲ್ಡ್)

ಉತ್ತರ: ಬೇಡ. ಇನ್‌ಸೈಡರ್‌ಗೆ ಐಚ್ಛಿಕ ಡಯಾಗ್ನೋಸ್ಟಿಕ್ ಮಾಹಿತಿ ಕಳಿಸಲು ಒಪ್ಪಲೇಬೇಕು. ಆ ಒಪ್ಪಿಗೆ ಕೊಡುವ ಹಕ್ಕು ಕಂಪನಿಯದು, ನಿಮ್ಮದಲ್ಲ.

ಪ್ರಶ್ನೆ: ಡಿಟಿಪಿ ಕೆಲಸ ನಮ್ಮದು. ಹೊಸ ವಿಂಡೋಸ್‌ನಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂದು ಮೊದಲೇ ಪರೀಕ್ಷಿಸುವುದು ಹೇಗೆ? (ಚಾಮರಾಜಪೇಟೆ)

ಉತ್ತರ: ವರ್ಚುವಲ್ ಯಂತ್ರದಲ್ಲಿ ಪರೀಕ್ಷಿಸಿ, ಕೆಲಸದ ಯಂತ್ರ ಮುಟ್ಟಬೇಡಿ. ನೋಟ್‌ಪ್ಯಾಡ್, ವರ್ಡ್, ಬ್ರೌಸರ್ ಮೂರರಲ್ಲೂ ಒಂದೇ ಸಾಲು ಟೈಪಿಸಿ: ಸ್ತ್ರೀ, ರಾಷ್ಟ್ರ, ಸೂರ್ಯ, ರ‍್ಯಾಂಕ್. ಮೂರರಲ್ಲೂ ಏಕೆಂದರೆ, ಅಕ್ಷರ ಜೋಡಿಸುವ ಎಂಜಿನ್ ಎಲ್ಲದರಲ್ಲೂ ಒಂದೇ ಅಲ್ಲ. ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಬಳಸುವುದು ಹಾರ್ಫ್‌ಬಜ್. ವಿಂಡೋಸ್‌ಗೆ ತನ್ನದೇ ಎಂಜಿನ್ ಇದೆ. ಸೂರ್ಯದಲ್ಲಿ ಅರ್ಕಾವತ್ತು ಯಕಾರದ ಬಲಕ್ಕೆ ಕೂರಬೇಕು. ರ‍್ಯಾಂಕ್‌ನಲ್ಲಿ ರಕಾರ ಪೂರ್ತಿ ಮೂಡಿ ಯಕಾರ ಒತ್ತಾಗಬೇಕು. ಇದಕ್ಕೆ ರಕಾರ ಮತ್ತು ಹಲಂತದ ನಡುವೆ ಜೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಅಕ್ಷರ ಬೇಕು. ಕೀಲಿಮಣೆ ತಂತ್ರಾಂಶ ಅದನ್ನು ನುಂಗಿದರೆ ಇಲ್ಲೂ ಅರ್ಕಾವತ್ತೇ ಬರುತ್ತದೆ. ಬೇರೆಡೆಯಿಂದ ನಕಲಿಸಿ ಅಂಟಿಸಿದಾಗ ಸರಿ ಬಂದು, ಟೈಪಿಸಿದಾಗ ತಪ್ಪಿದರೆ ದೋಷ ಕೀಲಿಮಣೆಯದು, ವಿಂಡೋಸ್‌ನದಲ್ಲ.

ತುಂಗಾ ಫಾಂಟ್ ಕಾಣೆಯಾಗಿದೆ ಎಂಬ ದೂರು ಪ್ರತಿ ಸಲವೂ ಬರುತ್ತದೆ. ಹೊಸದಾಗಿ ಹಾಕಿದ ವಿಂಡೋಸ್ 10, 11ರಲ್ಲಿ ಕನ್ನಡಕ್ಕೆ ನಿರ್ಮಲಾ ಯುಐ ಇರುತ್ತದೆ. ತುಂಗಾ ಬೇಕಾದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ. ಯೂನಿಕೋಡ್‌ಗೆ ಮೊದಲಿನ ನುಡಿ ಫಾಂಟ್‌ಗಳಲ್ಲಿರುವ ಹಳೆಯ ಕಡತ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಕಡತ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಕೀಲಿಮಣೆ ತಂತ್ರಾಂಶ ಕೆಲವು ಕಿಟಕಿಗಳಲ್ಲಿ ಮಾತ್ರ ಕೈಕೊಟ್ಟರೆ, ಆ ಕಿಟಕಿಯ ತಂತ್ರಾಂಶ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿದೆಯೇ ನೋಡಿ. ಸಾಮಾನ್ಯ ಹಕ್ಕಿನಲ್ಲಿರುವ ತಂತ್ರಾಂಶ ಅಲ್ಲಿಗೆ ಅಕ್ಷರ ಕಳಿಸದಂತೆ ವಿಂಡೋಸೇ ತಡೆಯುತ್ತದೆ. ಸೆಟಪ್ 16 ಬಿಟ್‌ನದಾಗಿರುವ ಬಹಳ ಹಳೆಯ ತಂತ್ರಾಂಶಗಳ ಆಸೆ ಬಿಡಿ; ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ.

ಪ್ರಶ್ನೆ: ಬಿಲ್ಡ್‌ನ ಅವಧಿ ಮುಗಿಯುತ್ತಿದೆ ಎಂಬ ಎಚ್ಚರಿಕೆ ಬರುತ್ತಿದೆ. ನಮ್ಮ ಕಚೇರಿಯಲ್ಲಿ ಜಿಎಸ್‌ಟಿ ರಿಟರ್ನ್ಸ್‌ಗೆ ಡಿಜಿಟಲ್ ಸಹಿಯ ಟೋಕನ್ ಬಳಸುವುದೂ ಇದೇ ಯಂತ್ರದಲ್ಲಿ. (ತೆರಿಗೆ ಸಲಹೆಗಾರರ ಕಚೇರಿ, ಗಾಂಧಿನಗರ)

ಉತ್ತರ: ವಿಂಡೋಸ್ ಗುಂಡಿಯ ಜೊತೆ ಆರ್ ಒತ್ತಿ ವಿನ್‌ವರ್ ಎಂದು ಟೈಪಿಸಿದರೆ ಬಿಲ್ಡ್ ಸಂಖ್ಯೆಯೂ ಮುಗಿಯುವ ದಿನಾಂಕವೂ ಕಾಣುತ್ತವೆ. ಅದು ದಾಟಿದರೆ ಯಂತ್ರ ಪದೇ ಪದೇ ರೀಸ್ಟಾರ್ಟ್ ಆಗಿ ಕೊನೆಗೆ ಬೂಟ್ ಆಗುವುದನ್ನೇ ನಿಲ್ಲಿಸುತ್ತದೆ. ಗಡಿಯಾರವನ್ನು ಹಿಂದಕ್ಕೆ ತಿರುಗಿಸುವ ಉಪಾಯ ಬೇಡ. ದಿನಾಂಕ ತಪ್ಪಾದರೆ ಜಿಎಸ್‌ಟಿ ಪೋರ್ಟಲ್ ಇರಲಿ, ಯಾವ ಸುರಕ್ಷಿತ ತಾಣವೂ ಸರಿಯಾಗಿ ತೆರೆಯುವುದಿಲ್ಲ. ಟೋಕನ್‌ನ ಡ್ರೈವರ್ ಹೊಸ ಬಿಲ್ಡ್‌ನಲ್ಲಿ ಕೈಕೊಡಬಹುದು, ಪ್ರತಿ ತಿಂಗಳು 20ರ ಗಡುವು ಅದಕ್ಕಾಗಿ ಕಾಯುವುದಿಲ್ಲ. ಈ ವಾರವೇ ಕಡತ ನಕಲಿಸಿ, ಬಿಡುಗಡೆಯಾದ ವಿಂಡೋಸನ್ನು ಹೊಸದಾಗಿ ಹಾಕಿಸಿ. ಕರೆಂಟ್ ಹೋದರೂ ನಡುವೆ ನಿಲ್ಲದಂತೆ ಯುಪಿಎಸ್ ಇರಲಿ.

ಪ್ರಶ್ನೆ: ದೋಷ ಕಂಡರೆ ತಿಳಿಸುವುದು ಹೇಗೆ? "ಕನ್ನಡ ಸರಿ ಬರುತ್ತಿಲ್ಲ" ಎಂದು ಬರೆದೆ, ಉತ್ತರವೇ ಇಲ್ಲ. (ಬಸವನಗುಡಿ)

ಉತ್ತರ: ಅಷ್ಟು ಬರೆದರೆ ಕನ್ನಡ ಓದಲಾರದ ಎಂಜಿನಿಯರ್‌ಗೆ ಏನೂ ತಿಳಿಯದು. ವಿಂಡೋಸ್‌ನಲ್ಲಿ ದೋಷ ಪರದೆಯ ಮೇಲಿರುವಾಗಲೇ ವಿಂಡೋಸ್ ಗುಂಡಿ ಮತ್ತು ಎಫ್ ಒತ್ತಿದರೆ ಫೀಡ್‌ಬ್ಯಾಕ್ ಹಬ್ ತೆರೆಯುತ್ತದೆ. ಬಿಲ್ಡ್ ಸಂಖ್ಯೆ, ತಂತ್ರಾಂಶದ ಹೆಸರು, ಫಾಂಟ್, ಯಾವ ಕೀಲಿಮಣೆಯಲ್ಲಿ ಯಾವ ಕೀಗಳನ್ನು ಯಾವ ಕ್ರಮದಲ್ಲಿ ಒತ್ತಿದಿರಿ ಎಂಬುದನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ. ತಪ್ಪಾಗಿ ಮೂಡಿದ ಪದದ ಚಿತ್ರ, ಅದರ ಪಕ್ಕದಲ್ಲೇ ಹಳೆಯ ಆವೃತ್ತಿಯಲ್ಲಿ ಸರಿಯಾಗಿ ಮೂಡಿದ ಅದೇ ಪದದ ಚಿತ್ರ ಸೇರಿಸಿ. ಉಬುಂಟುವಿನಲ್ಲಿ ಟರ್ಮಿನಲ್ ತೆರೆದು ಉಬುಂಟು-ಬಗ್ ಆದೇಶದ ಮುಂದೆ ಪ್ಯಾಕೇಜಿನ ಹೆಸರು ಕೊಟ್ಟರೆ ಲಾಗ್ ಕಡತಗಳು ತಾವೇ ಸೇರಿಕೊಂಡು ಉಬುಂಟು ದೋಷಗಳನ್ನು ದಾಖಲಿಸುವ ಲಾಂಚ್‌ಪ್ಯಾಡ್ ತಾಣದ ಪುಟ ತೆರೆಯುತ್ತದೆ. ಅಲ್ಲಿನ ವರದಿಗಳು ಸಾಮಾನ್ಯವಾಗಿ ಎಲ್ಲರಿಗೂ ಕಾಣುತ್ತವೆ. ಲಾಗ್‌ನಲ್ಲಿ ನಿಮ್ಮ ಬಳಕೆದಾರ ಹೆಸರು, ಫೋಲ್ಡರ್‌ಗಳ ಹೆಸರು ಇವೆಯೇ ಎಂದು ಕಳಿಸುವ ಮೊದಲು ಒಮ್ಮೆ ಕಣ್ಣಾಡಿಸಿ.