‘ಕೊನೆಯುಸಿರೆಳೆದರು’ ಅನ್ನುವುದು ಯಾಕೆ?

ಪ್ರಶ್ನೆ: ಅಜ್ಜ ತೀರಿಕೊಂಡಾಗ ಪೇಪರಿನಲ್ಲಿ ‘ಕೊನೆಯುಸಿರೆಳೆದರು’ ಅಂತ ಹಾಕಿಸಿದ್ದೆವು. ಅದನ್ನು ಓದಿದ ನನ್ನ ಮಗಳು, ‘ಹೋಗುವಾಗ ಉಸಿರು ಬಿಡ್ತಾರೆ ಅಲ್ವಾ, ಎಳೆದರು ಅಂತ ಯಾಕೆ ಬರೆದಿದ್ದೀರಿ?’ ಅಂದಳು. ಏನು ಹೇಳಬೇಕೋ ತೋಚಲಿಲ್ಲ. ಉಸಿರೆಳೆಯುವುದು, ಉಸಿರಾಡುವುದು ಎರಡೂ ಒಂದೇನಾ?
— ಒಬ್ಬ ಓದುಗರು, ಚಿತ್ರದುರ್ಗ

ಉತ್ತರ: ಒಂದೇ ಅಲ್ಲ. ಎಳೆಯುವುದು ಅಂದರೆ ಒಳಕ್ಕೆ ಮಾತ್ರ. ಹೊರಕ್ಕೆ ಹೋಗುವುದಕ್ಕೆ ‘ಬಿಡು’. ಎರಡೂ ಸೇರಿದರೆ ‘ಉಸಿರಾಡು’. ಓಡಾಡು, ಗಾಳಿಯಾಡು ಅನ್ನುವಾಗ ಬರುತ್ತದಲ್ಲ, ಆ ‘ಆಡು’ವೇ ಇದು, ಹೋಗಿ ಬಂದು ಮಾಡುವುದು. ಶಾಲೆಯಲ್ಲಿ ಇವನ್ನೇ ಉಚ್ಛ್ವಾಸ, ನಿಶ್ವಾಸ ಅಂತ ಕಲಿಸುತ್ತಾರೆ, ಯಾವುದು ಒಳಗೆ ಯಾವುದು ಹೊರಗೆ ಅಂತ ಮಕ್ಕಳಿಗೆ ಅದಲುಬದಲಾಗುತ್ತದೆ. ಎಳೆ, ಬಿಡು ಅಂದರೆ ಆ ಗೊಂದಲವೇ ಇಲ್ಲ.

ಇನ್ನು ಮಗಳ ಪ್ರಶ್ನೆ. ತುಂಬಾ ಒಳ್ಳೆಯ ಪ್ರಶ್ನೆ ಅದು. ಉಸಿರು ಒಳಗೆ ಬರಬೇಕಾದರೆ ಮೈ ದುಡಿಯಬೇಕು: ಎದೆಯ ಕೆಳಗಿನ ವಪೆ ಅನ್ನುವ ಸ್ನಾಯು ಕೆಳಕ್ಕಿಳಿಯಬೇಕು, ಪಕ್ಕೆಲುಬು ಮೇಲೇಳಬೇಕು, ಆಗಲೇ ಗಾಳಿ ಒಳಗೆ ಬರುವುದು. ಸುಮ್ನೆ ಕೂತಿರುವಾಗ ಬಿಡುವುದಕ್ಕೆ ಅಷ್ಟು ಕಷ್ಟವಿಲ್ಲ, ಅದು ತಾನಾಗಿಯೇ ಆಗುತ್ತದೆ. ಅಂದರೆ ಎಳೆಯುವುದು ಬದುಕಿದ್ದವರ ಕೆಲಸ. ‘ಕೊನೆಯುಸಿರೆಳೆದರು’ ಅಂದಾಗ ಒತ್ತು ‘ಕೊನೆ’ಯ ಮೇಲಿದೆ, ಅದಾದ ಮೇಲೆ ಇನ್ನೊಂದನ್ನು ಎಳೆಯಲಿಲ್ಲ ಅಂತ. ನಿಮ್ಮ ಅಜ್ಜನ ಮೈ ಮಾಡಿದ ಕೊನೆಯ ಕೆಲಸವನ್ನು ಆ ಮಾತು ಹೇಳುತ್ತಿದೆ. ಮಗಳಿಗೆ ಹೀಗೇ ಹೇಳಿ, ಅರ್ಥವಾಗುತ್ತದೆ. ಹಾಗಂತ ‘ಉಸಿರು ಬಿಟ್ಟರು’ ಅಂದರೆ ತಪ್ಪೇನಿಲ್ಲ, ‘ಪ್ರಾಣ ಬಿಟ್ಟರು’ ಅಂತಲೂ ಅನ್ನುತ್ತೇವಲ್ಲ.

ಆದರೆ ‘ಯಾರ ಮುಂದೂ ಉಸಿರು ಬಿಡಬೇಡ’ ಅಂದರೆ ಬೇರೆಯೇ, ಅಲ್ಲಿ ಅದು ಮಾತು. ಹಳಗನ್ನಡದಲ್ಲೂ ‘ಉಸಿರ್’ ಅಂದರೆ ಹೇಳು ಅಂತ ಅರ್ಥವಿದೆ, ಈಗಿನ ‘ಉಸುರು’ ಅದೇ. ನಿಮ್ಮೂರಿನ ಕೋಟೆ ಹತ್ತುವಾಗ ‘ತಡಿ, ಸ್ವಲ್ಪ ಉಸಿರು ತಗೊಳ್ತೀನಿ’ ಅನ್ನುವುದು ದಣಿವಾರಿಸಿಕೊಳ್ಳುವುದಕ್ಕೆ. ಆಗ ಕಟ್ಟುವ ‘ದಮ್ಮು’ ಪಾರ್ಸಿಯಿಂದ ಬಂದ ಪದ, ಅದರ ಅರ್ಥವೂ ಉಸಿರೇ.

ಒಂದು ತಪ್ಪು ಮಾತ್ರ ಈಗ ಜಾಸ್ತಿ ಕಾಣುತ್ತಿದೆ, ‘ನಿಟ್ಟುಸಿರೆಳೆದಳು’ ಅಂತ. ನಿಟ್ಟುಸಿರು ಅಂದರೆ ನಿಡು, ಅಂದರೆ ಉದ್ದನೆಯ ಉಸಿರು. ಸಂಕಟ ಹೊರಗೆ ಹೋಗುವುದೇ ಅದರಲ್ಲಿ, ಹಾಗಾಗಿ ಅದನ್ನು ಬಿಡುತ್ತೇವೆ.