ಪ್ರತಿ: ಮನೆಯವರೆಲ್ಲ ಸೇರಿ ದಾನಕ್ಕೆ ಹಣ ಎತ್ತಿಡ್ತಿದ್ವಿ, ಮಕ್ಕಳು ಎರಡೇ ತಿಂಗಳಿಗೆ ಕೈಬಿಟ್ಟರು

ಬಹುಶಃ ಹುಂಡಿಗೆ ಹಾಕೋರು ಎಲ್ಲರೂ, ಎಲ್ಲಿಗೆ ಕೊಡಬೇಕೆಂದು ತೀರ್ಮಾನಿಸೋರು ನೀವೊಬ್ಬರೇ. ಅಲ್ಲೇ ಆಸಕ್ತಿ ಸಾಯೋದು.

ಮೊದಲು ಮೊತ್ತ ಗೊತ್ತುಮಾಡಿ. ತಿಂಗಳಿಗೆ 1,500 ಅಂದ್ರೆ ಮೂರು ತಿಂಗಳಿಗೆ 4,500. ಅದರಲ್ಲಿ 3,000 ಎಲ್ಲರೂ ಒಪ್ಪಿದ ಒಂದೇ ಕಡೆಗೆ. ಉಳಿದ 1,500 ಎಲ್ಲಿಗೆ ಅನ್ನೋದು ಸರದಿಯಂತೆ ಒಬ್ಬೊಬ್ಬರ ತೀರ್ಮಾನ. ಮಗಳು ಬೀದಿನಾಯಿಗಳ ಲಸಿಕೆಗೆ ಅಂದರೂ, ಅಜ್ಜಿ ಅನ್ನದಾನಕ್ಕೆ ಅಂದರೂ ಯಾರೂ ತಕರಾರು ತೆಗೆಯುವಂತಿಲ್ಲ. (ಅಪ್ಪಂದಿರಿಗೇ ಇದು ಕಷ್ಟ.) ಕೊಡುವ ಮುಂಚೆ ಆ ಸಂಸ್ಥೆಗೆ ಮಕ್ಕಳ ಕೈಲೇ ಫೋನ್ ಮಾಡಿಸಿ: "ಈ ದುಡ್ಡಲ್ಲಿ ನಿಮಗೆ ಏನು ಬರುತ್ತೆ?" ಉತ್ತರವನ್ನು ನೋಟ್‌ಬುಕ್ಕಲ್ಲಿ ಅವರೇ ಬರೆಯಲಿ.

ಹಳೆಯ ತೆರಿಗೆ ಪದ್ಧತಿಯಲ್ಲಿದ್ದು ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ (80ಜಿ ಅಂತ ಹೆಸರಾದದ್ದು) ಬೇಕಿದ್ದರೆ 2,000 ಮೀರಿದ ದಾನವನ್ನು ನಗದಾಗಿ ಕೊಡಬೇಡಿ, ಆ ದಾನದ ವಿನಾಯಿತಿ ಪೂರ್ತಿ ಕೈತಪ್ಪುತ್ತೆ. ವಿನಾಯಿತಿ ಪಡೆಯುವವರ ಖಾತೆಯಿಂದಲೇ ಕಳಿಸಿ, ಅವರದೇ ಪ್ಯಾನ್ ಕೊಡಿ. ಬರೀ ರಸೀದಿ ಸಾಲದು, ದಾನದ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ.