ಶ್ವಾಸಕೋಶಕ್ಕೆ ಹೋದ ಗ್ಲಾಸ್ ವುಲ್ ಎಷ್ಟು ದಿನಕ್ಕೆ ಕರಗುತ್ತದೆ? ಬೇಗ ಕರಗಲು ಏನು ಕುಡಿಯಬೇಕು?

ಮಾಸ್ಕ್ ಇಲ್ಲದೆ ನಾಲ್ಕು ದಿನ ಛಾವಣಿಯ ಗ್ಲಾಸ್ ವುಲ್ (ಶಾಖ ತಡೆಯಲು ಹಾಸುವ, ಗಾಜಿನ ಎಳೆಗಳ ಹತ್ತಿ) ಕಿತ್ತೆ ಅಂದಿದ್ದೀರಿ. ಹನ್ನೆರಡು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. "ಕರಗುತ್ತೆ ಬಿಡಪ್ಪ" ಅಂದರು. ನನ್ನನ್ನು ಕೆಡಿಸಿದ್ದು ಆ ಒಂದು ಮಾತು.

ಮಾತು ಸುಳ್ಳಲ್ಲ. ಶ್ವಾಸಕೋಶದ ಪಸೆಯಲ್ಲಿ ಕೂತ ಗ್ಲಾಸ್ ವುಲ್ ಎಳೆಯಿಂದ ಸೋಡಿಯಂ, ಬೋರಾನ್ ಮೊದಲು ಕರಗಿ ಹೋಗುತ್ತವೆ. ಎಳೆ ಟೊಳ್ಳಾಗಿ ಅಡ್ಡಕ್ಕೆ ಮುರಿಯುತ್ತದೆ. ಆ ತುಂಡುಗಳನ್ನು ಮ್ಯಾಕ್ರೋಫೇಜ್ ಅನ್ನುವ ಕಾವಲು ಜೀವಕೋಶಗಳು ನುಂಗಿ ಸಾಗಿಸುತ್ತವೆ. ಉದ್ದ 20 ಮೈಕ್ರಾನ್ (ಮಿಲಿಮೀಟರಿನ ಐವತ್ತನೇ ಒಂದು ಭಾಗ) ದಾಟಿದ ಎಳೆಯನ್ನು ಅವು ಪೂರ್ತಿ ನುಂಗಲಾರವು. ಅರ್ಧ ಬಾಯಲ್ಲಿ, ಅರ್ಧ ಹೊರಗೆ. ಅಲ್ಲಿಂದಲೇ ಉರಿಯೂತ ಶುರು.

ನಾನು ಮಾಡಿದ್ದೇನು ಗೊತ್ತಾ? ಗ್ಲಾಸ್ ವುಲ್‌ಗೆ ಹೇಳಿದ ಮಾತನ್ನು ಕೆಲಸದ ಕಡೆ ಫರ್ನೇಸ್ (ಕುಲುಮೆ) ಒಳಗೆ ಶಾಖ ತಡೆಯಲು ಹಾಸಿದ್ದ ಬ್ಲಾಂಕೆಟ್‌ಗೂ ಹಚ್ಚಿಕೊಂಡೆ. ಎರಡೂ ಹತ್ತಿ ಥರ, ಎರಡೂ ತುರಿಕೆ, ಎರಡೂ ಒಂದೇ ಅಲ್ವಾ ಅಂದುಕೊಂಡೆ. ಒಂದೇ ಅಲ್ಲ. ಆ ಬ್ಲಾಂಕೆಟ್ ಸೆರಾಮಿಕ್ ಫೈಬರ್, ಭಾರೀ ಶಾಖ ತಡೆಯುವ ಎಳೆ. ಗ್ಲಾಸ್ ವುಲ್‌ಗಿಂತ ಎಷ್ಟೋ ನಿಧಾನ ಕರಗುತ್ತದೆ. ಅದಕ್ಕಿಂತ ಕೆಟ್ಟದ್ದು, ಅದು 1000 ಡಿಗ್ರಿಗೂ ಮೇಲಿನ ಶಾಖದಲ್ಲಿ ವರ್ಷಗಟ್ಟಲೆ ಬೆಂದಿತ್ತು. ಹಾಗೆ ಬೆಂದಾಗ ಅದರೊಳಗೆ ಕ್ರಿಸ್ಟೋಬಲೈಟ್ ಹುಟ್ಟುತ್ತದೆ. ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ರೋಗ ತರುವ ಸಿಲಿಕಾ ಅದು. ಕರಗುವ ಮಾತೇ ಇಲ್ಲ. ಹೊಸದರಲ್ಲಿ ಮೆತ್ತಗಿದ್ದ ಬ್ಲಾಂಕೆಟ್ ಕೈಯಲ್ಲಿ ಒಣ ಎಲೆ ಥರ ಪುಡಿಯಾಗುತ್ತಿತ್ತು. ಬದಲಾಗಿದೆ ಅನ್ನುವುದಕ್ಕೆ ಅದೇ ಗುರುತು. ನಾನು ಅದನ್ನು ಒಣ ಪೊರಕೆಯಲ್ಲಿ ಗುಡಿಸಿದೆ. ಸಂಜೆ ಅಂಗಿಯ ಮೇಲಿನದನ್ನು ಗಾಳಿ ಪೈಪಿನಿಂದ ಊದಿದೆ, ಬಲ್ಬಿನ ಬೆಳಕಲ್ಲಿ ಮಿಣಮಿಣ ಅನ್ನುತ್ತಾ ಮುಖದ ಸುತ್ತಲೇ ತೇಲುತ್ತಿತ್ತು. ಎಚ್ಚರಿಕೆ ಹೊಸ ಬ್ಲಾಂಕೆಟ್ ಬಂದ ಡಬ್ಬದ ಮೇಲೇ ಅಚ್ಚಾಗಿತ್ತು. ಬಿಡುವಿನಲ್ಲಿ ನಾನು ಕೂರುತ್ತಿದ್ದದ್ದು ಆ ಡಬ್ಬದ ಮೇಲೆ!

ಮೂರು ವರ್ಷ ಹೀಗೇ ಹೋಯಿತು. ಈಗ ಎರಡು ಮಹಡಿ ಹತ್ತಿದರೆ ಏದುಸಿರು. ವರ್ಷಕ್ಕೊಮ್ಮೆ ಎಕ್ಸ್-ರೇ, ಊದುವ ಪರೀಕ್ಷೆ.

ಹಾಗಾಗಿ ದಿನ ಎಣಿಸಬೇಡಿ, ಆ ಪ್ರಶ್ನೆಯೇ ಸರಿಯಿಲ್ಲ. ಕಿತ್ತದ್ದು ಯಾವ ಎಳೆ ಅಂತ ಮೊದಲು ನೋಡಿ. ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ 2001ರಲ್ಲಿ ಇನ್ಸುಲೇಶನ್ ಗ್ಲಾಸ್ ವುಲ್, ರಾಕ್ ವುಲ್ (ಕಲ್ಲು ಕರಗಿಸಿ ಮಾಡಿದ ಎಳೆ) ಎರಡನ್ನೂ 3ನೇ ಗುಂಪಿಗೆ ಇಳಿಸಿತು, ಅಂದರೆ ಕ್ಯಾನ್ಸರ್ ತರುತ್ತದೆ ಅನ್ನಲು ಸಾಕಷ್ಟು ಆಧಾರವಿಲ್ಲ. ಆದರೆ ಸೆರಾಮಿಕ್ ಫೈಬರ್ ಕ್ಯಾನ್ಸರ್ ತರಬಹುದಾದ 2ಬಿ ಗುಂಪಿನಲ್ಲೇ ಉಳಿಯಿತು. ನಿಮ್ಮದು ನಿಜಕ್ಕೂ ಛಾವಣಿಯ ಗ್ಲಾಸ್ ವುಲ್, ನಾಲ್ಕೇ ದಿನ ಅಂದರೆ ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ. ಕೆಮ್ಮು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಕುಡಿಯುವುದರಿಂದ ಏನೂ ಆಗುವುದಿಲ್ಲ, ಹೊಟ್ಟೆಯ ದಾರಿ ಬೇರೆ, ಉಸಿರಿನ ದಾರಿ ಬೇರೆ. ಕೆಲಸ ಇನ್ನೂ ಬಾಕಿ ಇದ್ದರೆ ನೀರು ಚಿಮುಕಿಸಿ ಕೀಳಿ, ಮುಖಕ್ಕೆ ಕಚ್ಚಿ ಕೂರುವ ಎನ್95 ಹಾಕಿ. ಅಂಗಿಯನ್ನು ಕೊಡವಬೇಡಿ, ನೇರ ನೀರಿಗೆ ಹಾಕಿ.